‘ಬ್ಲಡಿ’ ಅಂದಾಗಲೆಲ್ಲ ಸಿಟ್ಟಾಗಬೇಕಿಲ್ಲ

ಮಾನ್ಯರೇ,

ಹಂಪಿ ಬಳಿಯ ಆನೆಗೊಂದಿ, ಸಾಣಾಪುರದ ಸುತ್ತ ಆಟೊ ಓಡಿಸುವವರು, ಹರಿಗೋಲು ನಡೆಸುವವರು, ಹೋಂಸ್ಟೇ ಇಟ್ಟವರು ಶಾಲೆಯ ಹಂಗಿಲ್ಲದೆ ಇಂಗ್ಲಿಷ್ ಕಲಿತಿದ್ದಾರೆ. ಅವರ ಬಗ್ಗೆ ನಮಗೆ ಗೌರವವಿದೆ. ಆದರೆ ‘ಬ್ಲಡಿ’ ಎಂಬ ಪದ ಕಿವಿಗೆ ಬಿದ್ದೊಡನೆ ವಿದೇಶಿ ಗಿರಾಕಿಯ ಜೊತೆ ಮಾತು ಕೆಡುವುದುಂಟು. ನಮ್ಮಲ್ಲಿ ಅದು ಫೂಲ್, ರಾಸ್ಕಲ್, ಈಡಿಯಟ್ ಜೊತೆಗೇ ತಿರುಗಾಡುವ ಪದ, ಹಾಗಾಗಿ ಒಂಟಿಯಾಗಿ ಕೇಳಿದರೂ ಬೈಗುಳವೆಂದೇ ಅನಿಸುತ್ತದೆ. ಬ್ರಿಟನ್, ಆಸ್ಟ್ರೇಲಿಯಾದವರ ಬಾಯಲ್ಲಿ ಅದರ ಕೆಲಸ ಹೆಚ್ಚಾಗಿ ಬೇರೆ.

ಹಿಡಿಯಬೇಕಾದ್ದು ಅದರ ಮುಂದೆ ಬರುವ ಪದವನ್ನು. ಗುಣ ಹೇಳುವ ಪದ ಬಂದರೆ ಬರೀ ಒತ್ತು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿದವರು ‘ಇಟ್ಸ್ ಬ್ಲಡಿ ಹಾಟ್’ ಎಂದರೆ, ನಾವು ‘ಭಾಳ ಝಳ ಐತಿ’ ಅಂದಷ್ಟೇ. ಉಂಡೆದ್ದು ‘ದಟ್ ವಾಸ್ ಬ್ಲಡಿ ಗುಡ್’ ಎಂದರೆ ಅಡುಗೆ ಮಾಡಿದವರಿಗೆ ಹೊಗಳಿಕೆ. ವಸ್ತುವಿನ ಹೆಸರು ಬಂದರೆ, ‘ವೇರ್ ಈಸ್ ದ ಬ್ಲಡಿ ಬಸ್’ ಎಂಬಂತೆ, ಸಿಟ್ಟು ಬಸ್ಸಿನ ಮೇಲೆ. ಮನುಷ್ಯರನ್ನು ಹೇಳುವ ಪದ ಬಂದಾಗ ಮಾತ್ರ ಎಚ್ಚರ: ‘ಬ್ಲಡಿ ಲಯರ್’, ‘ಬ್ಲಡಿ ಡ್ರೈವರ್’ ಎರಡೂ ಬೈಗುಳಗಳೇ. ಇಲ್ಲೂ ‘ಯು ಬ್ಲಡಿ ಲೆಜೆಂಡ್’ ಎಂದರೆ ಮೆಚ್ಚುಗೆ. ಆಸ್ಟ್ರೇಲಿಯಾದವರು ಹಾಗೆ ಹೇಳುತ್ತಾರೆ.

ಹೆಚ್ಚು ಎಡವುವುದು ‘ಬ್ಲಡಿ ವೆಲ್’ ಎಂಬಲ್ಲಿ. ವೆಲ್ ಅಂದರೆ ಚೆನ್ನಾಗಿ ಎಂದುಕೊಂಡು ನಕ್ಕರೆ ಕೆಲಸ ಕೆಟ್ಟಿತು. ‘ಯು ಬ್ಲಡಿ ವೆಲ್ ವೇಟ್’ ಎಂದರೆ ‘ಸುಮ್ಮನೆ ಕಾಯಿ’ ಎಂಬ ಗದರಿಕೆ. ‘ಬ್ಲಡಿ ಹೆಲ್’ ಬೆರಗಿಗೂ ಬರುತ್ತದೆ, ಬೇಸರಕ್ಕೂ ಬರುತ್ತದೆ. ದನಿ ಕೇಳಿ ತಿಳಿಯಬೇಕು. ‘ಆಬ್ಸಲೂಟ್ಲಿ’ ಪದವನ್ನು ಸೀಳಿ, ಒತ್ತು ಬೀಳುವ ಜಾಗದ ಮುಂಚೆ ಇದನ್ನು ತುರುಕಿ ‘ಆಬ್ಸೋ-ಬ್ಲಡಿ-ಲೂಟ್ಲಿ’ ಎನ್ನುವುದೂ ಇದೆ, ಅದು ‘ಹೌದೇ ಹೌದು’ ಎಂದಂತೆ.

ಇನ್ನು ಬಂಡೆ ಹತ್ತುವವರು ‘ಮೈ ನೀ ಈಸ್ ಬ್ಲಡಿ’ ಎಂದು ಅಲ್ಲಿಗೇ ನಿಲ್ಲಿಸಿದರೆ ಮೊಣಕಾಲಿಗೆ ರಕ್ತ ಬಂದಿದೆ ಎಂದೇ ಅರ್ಥ. ಹತ್ತಿ, ಪಟ್ಟಿ ತನ್ನಿ. ‘ಬ್ಲಡಿ ಸೋರ್’ ಎಂದರೆ ಬಹಳ ನೋವು ಅಷ್ಟೇ, ರಕ್ತ ಇರಬೇಕೆಂದಿಲ್ಲ.

ಹಾಗೆಂದು ಇದು ಸಭ್ಯ ಪದವೂ ಅಲ್ಲ. 1914ರಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಬರ್ನಾರ್ಡ್ ಷಾ ಅವರ ನಾಟಕದ ನಾಯಕಿ ಈ ಒಂದು ಪದ ಆಡಿದ್ದೇ ದೊಡ್ಡ ಸುದ್ದಿಯಾಯಿತು. 2006ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ಪ್ರವಾಸೋದ್ಯಮ ಸಂಸ್ಥೆ ‘ಎಲ್ಲಿದ್ದೀರಿ ನೀವು’ ಎಂದು ಜಗತ್ತನ್ನು ಕರೆಯುವ ಜಾಹೀರಾತಿನಲ್ಲಿ ‘ಬ್ಲಡಿ ಹೆಲ್’ ಸೇರಿಸಿತು. ಬ್ರಿಟನ್ನಿನ ಟಿ.ವಿ.ಯಲ್ಲಿ ಅದನ್ನು ಮೊದಲು ತಡೆದು ಆಮೇಲೆ ಬಿಟ್ಟರು. ಒಂದೇ ಭಾಷೆಯಾಡುವ ಎರಡು ದೇಶಗಳಲ್ಲೇ ಅದರ ತೂಕ ಒಂದಲ್ಲ. ಅಮೆರಿಕದವರಂತೂ ಇದನ್ನು ಬ್ರಿಟಿಷರ ಮಾತೆಂದೇ ಎಣಿಸುತ್ತಾರೆ, ತಾವು ಆಡುವುದು ಅಪರೂಪ.

ಆದ್ದರಿಂದ ಕೇಳಿ ಅರ್ಥ ಮಾಡಿಕೊಳ್ಳಬೇಕು, ನಮ್ಮ ಬಾಯಿಗೆ ತಂದುಕೊಳ್ಳಬಾರದು. ‘ವೆರಿ’, ‘ರಿಯಲಿ’ ಸಾಕು. ಹಿರಿಯರು, ಮಕ್ಕಳಿರುವ ಗುಂಪಿನ ಮುಂದೆ ಬೇಡವೇ ಬೇಡ. ಯಾರಾದರೂ ನಿಜವಾಗಿಯೇ ಬೈದರೆ ‘ಪ್ಲೀಸ್ ಡೋಂಟ್ ಟಾಕ್ ಟು ಮಿ ಲೈಕ್ ದಟ್’ ಎಂದು ದನಿ ಏರಿಸದೆ ಹೇಳಿ.

ಪ್ರವಾಸೋದ್ಯಮ ಇಲಾಖೆ ಮಾರ್ಗದರ್ಶಿಗಳಿಗೆ ತರಬೇತಿ ಕೊಡುವಾಗ ಬ್ರಿಟನ್, ಆಸ್ಟ್ರೇಲಿಯಾದವರ ನಿತ್ಯದ ಮಾತಿನ ಧ್ವನಿಮುದ್ರಣ ಕೇಳಿಸಿ, ಇಂಥ ಪದಗಳನ್ನು ಸಂಕೋಚವಿಲ್ಲದೆ ಬಿಡಿಸಿ ಹೇಳಲಿ. ಆಟೊ, ಹರಿಗೋಲಿನವರನ್ನೂ ಆ ತರಬೇತಿಗೆ ಕರೆಯಲಿ.

— ಇಂಗ್ಲಿಷ್ ಬೋಧಕರು, ಗಂಗಾವತಿ, ಕೊಪ್ಪಳ ಜಿಲ್ಲೆ