ಗೆಳೆಯನಿಗೊಂದು ಪತ್ರ: ಆ ನರ್ತಕಿಗೆ ಒಂದು ಹೆಸರು ಕೊಡು

ಗೆಳೆಯಾ,

ನೀನು ಕಳಿಸಿದ ಕಾದಂಬರಿಯ ಅಧ್ಯಾಯಗಳನ್ನೆಲ್ಲ ಓದಿದೆ. ಯುದ್ಧ, ಬೇಹುಗಾರ, ಪ್ರೀತಿ ಅಂದ ಕೂಡಲೇ ಬರೆಯುವವರು ಪ್ಯಾರಿಸ್ಸಿಗೋ ಬರ್ಲಿನ್ನಿಗೋ ಹೊರಟುಬಿಡುತ್ತಾರೆ. ನೀನು ನಮ್ಮ ರಾಯಚೂರು ಸೀಮೆಯನ್ನೇ ಹಿಡಿದೆಯಲ್ಲ, ಬಹಳ ಖುಷಿಯಾಯಿತು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನೆಲಕ್ಕಾಗಿ ಬಹಮನಿಯವರೂ ವಿಜಯನಗರದವರೂ ತಲೆತಲಾಂತರ ಬಡಿದಾಡಿದ್ದಾರೆ. ಇಲ್ಲಿ ಬೇಹುಗಾರರಿಗೆ ಬರವೇ?

ಆದರೆ ಆ ನರ್ತಕಿಯ ವಿಷಯಕ್ಕೆ ನಿನ್ನ ಜೊತೆ ಜಗಳ ಆಡಲೇಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಹಾರಿಹೋಗುತ್ತದೆ, ಅದಕ್ಕೇ ಪತ್ರ. ಇಂಥ ಕತೆ ಬರೆಯುವ ಬೇರೆಯವರೂ ಓದಲಿ ಅಂತ ಎಲ್ಲರ ಎದುರಿಗೇ ಇಡುತ್ತಿದ್ದೇನೆ.

ಮೂಲ ಕತೆ ನಿನಗೆ ಗೊತ್ತು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 1398ನೇ ಇಸವಿ. ಕೃಷ್ಣೆ ತುಂಬಿ ಹರಿಯುತ್ತಿದೆ. ಈಚೆ ದಡದಲ್ಲಿ ವಿಜಯನಗರದ ಇಮ್ಮಡಿ ಹರಿಹರನ ದಂಡು ಬೀಡುಬಿಟ್ಟಿದೆ. ಆಚೆ ದಡದಲ್ಲಿ ಫಿರೋಜ್ ಶಾ ಬಹಮನಿ ದಾಟಲಾಗದೆ ಕೂತಿದ್ದಾನೆ. ಆಗ ಫಿರೋಜನ ಕಡೆಯ ಖಾಜಿ ಸಿರಾಜ್ ಎಂಬವನು ಕೆಲವು ಸಂಗಡಿಗರನ್ನು ಕಟ್ಟಿಕೊಂಡು ಫಕೀರರ ವೇಷದಲ್ಲಿ ಹೊಳೆ ದಾಟುತ್ತಾನೆ. ರಾಯನ ಬೀಡಿನಲ್ಲಿ ನರ್ತಕಿಯರಿದ್ದ ಕಡೆಗೆ ಹೋಗಿ, ಅವರಲ್ಲೊಬ್ಬಳಿಗೆ ಮನಸೋತವನ ಹಾಗೆ ನಟಿಸುತ್ತಾನೆ. ಸಂಜೆ ಅವಳು ಒಡವೆ ಹಾಕಿಕೊಂಡು ಹೊರಟಾಗ ಕಾಲಿಗೆ ಬೀಳುತ್ತಾನೆ: ಹೋಗಬೇಡ, ಇಲ್ಲಾ ನನ್ನನ್ನೂ ಕರೆದುಕೊಂಡು ಹೋಗು. ರಾಜಕುಮಾರನ ಡೇರೆಯಲ್ಲಿ ಕುಣಿತ ಇದೆ, ಹಾಡುವವರು ಕುಣಿಯುವವರನ್ನು ಬಿಟ್ಟು ಯಾರನ್ನೂ ಒಳಗೆ ಬಿಡುವುದಿಲ್ಲ ಅನ್ನುತ್ತಾಳೆ ಅವಳು. ನನಗೂ ನುಡಿಸಲು ಬರುತ್ತದೆ ಅನ್ನುತ್ತಾನೆ ಇವನು. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು, ಸ್ವಲ್ಪ ತಾತ್ಸಾರದಿಂದಲೇ, ಅವಳು ತನ್ನ ವಾದ್ಯವನ್ನು ಅವನ ಕೈಗೆ ಕೊಡುತ್ತಾಳೆ. ಅವನು ನುಡಿಸುತ್ತಾನೆ. ಅವಳು ಬೆರಗಾಗುತ್ತಾಳೆ. ಇವನು ಜೊತೆಗಿದ್ದರೆ ಉಳಿದವರಿಗಿಂತ ನನಗೆ ಜಾಸ್ತಿ ಮರ್ಯಾದೆ ಸಿಗುತ್ತದೆ ಅಂತ ಕರೆದುಕೊಂಡು ಹೋಗುತ್ತಾಳೆ.

ಒಳಗೆ ಖಾಜಿಯೂ ಅವನ ಸಂಗಡಿಗನೂ ಹೆಣ್ಣುವೇಷ ಹಾಕಿ ಕುಣಿಯುತ್ತಾರೆ. ಕುಣಿಯುತ್ತಲೇ ಕಠಾರಿ ಹಿರಿಯುತ್ತಾರೆ. ಅದೂ ಆಟದ ಭಾಗ ಅಂತಲೇ ಎಲ್ಲರೂ ನೋಡುತ್ತಿದ್ದಾರೆ. ಹಿಂದೆ ಮುಂದೆ ಸರಿಯುತ್ತಾ, ತಿರುಗುತ್ತಾ, ಕೊನೆಗೆ ಎರಡೂ ಕಠಾರಿ ರಾಜಕುಮಾರನ ಎದೆಗೆ. ದೀಪ ಆರಿಸಿ ಕತ್ತಲಲ್ಲಿ ತಪ್ಪಿಸಿಕೊಳ್ಳುತ್ತಾರೆ. ಬೀಡೆಲ್ಲ ಗದ್ದಲವಾದಾಗ ಸುಲ್ತಾನನ ಸೈನಿಕರು ತೆಪ್ಪಗಳಲ್ಲಿ ಹೊಳೆ ದಾಟುತ್ತಾರೆ. ಹರಿಹರ ಮಗನ ಶವ ಹೊತ್ತುಕೊಂಡು ವಿಜಯನಗರದ ಕಡೆ ಹಿಂದೆ ಸರಿಯುತ್ತಾನೆ.

ಇದನ್ನು ಬರೆದಿಟ್ಟವನು ಇತಿಹಾಸಕಾರ ಫೆರಿಷ್ತಾ. ಇದೆಲ್ಲ ನಡೆದು ಸುಮಾರು ಇನ್ನೂರು ವರ್ಷ ಆದ ಮೇಲೆ, ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದ. ಅವನಿಗೆ ಖಾಜಿಯೇ ನಾಯಕ. ಆ ಹೆಣ್ಣಿಗೆ ಒಂದು ಹೆಸರನ್ನೂ ಕೊಡಲಿಲ್ಲ. ಡೇರೆಯ ದೀಪ ಆರಿದ ಮೇಲೆ ಅವಳು ಕತೆಯಿಂದಲೇ ಮಾಯ.

ಈಗ ನೀನು ಮಾಡಿದ್ದೇನು? ಖಾಜಿಗೆ ಅವಳ ಮೇಲೆ ನಿಜವಾಗಿಯೂ ಪ್ರೀತಿ ಹುಟ್ಟಿತು, ಅವಳೂ ಮೊದಲ ನೋಟಕ್ಕೇ ಸೋತಳು ಅಂತ ಬರೆದೆ. ಹಾಗೆ ಬರೆದರೆ ಅವನ ಮೋಸ ಹಗುರವಾಗುತ್ತದೆ, ಅವಳು ದಡ್ಡಿಯಾಗುತ್ತಾಳೆ. ಫೆರಿಷ್ತಾನನ್ನೇ ಇನ್ನೊಮ್ಮೆ ಓದಿ ನೋಡು. ಖಾಜಿ ಕಾಲಿಗೆ ಬಿದ್ದು ಗೋಗರೆದಾಗ ಅವಳು ಕರಗಲೇ ಇಲ್ಲ. ಅವಳು ಒಪ್ಪಿದ್ದು ಅವನ ಬೆರಳಿಗೆ. ಅವಳು ಕಸುಬುದಾರಳು. ಕೇಳಿದ ಕೂಡಲೇ ಒಳ್ಳೆಯ ಕೈ ಯಾವುದು ಅಂತ ಗೊತ್ತಾಗುವವಳು. ಪ್ರೀತಿಯನ್ನು ನಟಿಸಬಹುದು ಗೆಳೆಯಾ, ನುಡಿಸುವುದನ್ನು ನಟಿಸಲು ಬರುವುದಿಲ್ಲ. ಅವನ ಬಳಿ ಇದ್ದ ಒಂದೇ ಒಂದು ನಿಜ ಅದು, ಅದನ್ನೇ ಅವಳು ನಂಬಿದಳು. ನಿನ್ನ ಪ್ರೇಮಕತೆ ಹುಟ್ಟಬೇಕಾದ ಜಾಗ ಅದೇ. ವಾದ್ಯ ಕೊಟ್ಟ ಕೈಗೂ ತಗೊಂಡ ಕೈಗೂ ನಡುವೆ. ಅಲ್ಲೊಂದು ಅಧ್ಯಾಯ ಪೂರ್ತಿ ನಿಲ್ಲು. ಕಣ್ಣು, ತುಟಿ, ಮಲ್ಲಿಗೆ ಎಲ್ಲ ಆಮೇಲೆ.

ನೀನು ಮುದಗಲ್ಲಿನ ಅಕ್ಕಸಾಲಿಗನ ಮಗಳ ಕತೆಯನ್ನೂ ಸೇರಿಸುತ್ತೇನೆ ಅಂದಿದ್ದೆ. ಬೇಡ ಅನ್ನಿಸುತ್ತದೆ. ಅದು ಆಮೇಲಿನದು, ಒಂದನೇ ದೇವರಾಯನ ಕಾಲದ್ದು. ರಾಯ ಕಳಿಸಿದ ಹಾರವನ್ನು ಬೇಡ ಅಂದವಳು ಅವಳು. ಅವಳನ್ನು ತರಲು ಹೊರಟ ದಂಡು ಬರಿಗೈಲಿ ಮರಳುತ್ತಾ ಊರುಗಳನ್ನು ಸೂರೆ ಮಾಡಿತು, ಅದೇ ದೊಡ್ಡ ಯುದ್ಧವಾಯಿತು. ಅಷ್ಟು ಗಟ್ಟಿ ಹುಡುಗಿಗೆ ಅವಳದೇ ಒಂದು ಕಾದಂಬರಿ ಬೇಕು.

ಇನ್ನು ಸಣ್ಣಪುಟ್ಟದ್ದು. ಬೀಡಿನಲ್ಲಿ ಜೋಳದ ರೊಟ್ಟಿಗೆ ಕೆಂಪು ಖಾರ ಹಚ್ಚಿಸಿದ್ದೀಯ. 1398ರಲ್ಲಿ ಮೆಣಸಿನಕಾಯಿ ಎಲ್ಲಿತ್ತು? ಅದು ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು, ನೂರು ವರ್ಷದ ಮೇಲೆ. ಕಾಳುಮೆಣಸು ಹಾಕು. ಶೇಂಗಾ ಚಟ್ನಿಯನ್ನೂ ತೆಗೆ, ಅದೂ ಹಾಗೇ ಆಮೇಲೆ ಬಂದದ್ದು. ಫಕೀರರು ಹೊಳೆದಂಡೆಯಿಂದ ಸರಸರ ನಡೆದು ಬರುತ್ತಾರೆ ಅಂತಲೂ ಬರೆದಿದ್ದೀಯ. ನಮ್ಮ ಎರೆ ಹೊಲದಲ್ಲಿ ಮಳೆಗಾಲದಾಗ ಸರಸರ ನಡೆಯುವುದುಂಟಾ? ಹೆಜ್ಜೆಹೆಜ್ಜೆಗೂ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ. ಆ ಕಾಲಿನ ಕೆಸರನ್ನು ಅವಳು ನೋಡಲಿ. ಈಚೆಯವನಲ್ಲ, ಹೊಳೆ ದಾಟಿ ಬಂದವನು ಅಂತ ಅವಳಿಗೆ ಅಲ್ಲೇ ಒಂದು ಅನುಮಾನ ಬರಬಹುದು, ಅಲ್ವಾ?

ತೆಪ್ಪದ ವಿಷಯಕ್ಕೆ ಡೊಮಿಂಗೊ ಪೇಸ್‌ನನ್ನು ನೋಡು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ಅವನು. ಆನೆಗುಂದಿಯ ಹತ್ತಿರದ ಹರಿಗೋಲುಗಳನ್ನು ಕಂಡು ಬರೆದಿದ್ದಾನೆ: ಬುಟ್ಟಿಯ ಹಾಗೆ ಗುಂಡಗಿರುತ್ತವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ನೇರವಾಗಿ ಹೋಗದೆ ತಿರುಗುತ್ತಲೇ ಹೋಗುತ್ತವೆ. ಸೈನಿಕ ಕತ್ತಲಲ್ಲಿ, ತುಂಬಿದ ಹೊಳೆಯಲ್ಲಿ, ಹಾಗೆ ತಿರುಗುತ್ತಾ ಬಂದರೆ ಅವನಿಗೆ ಯಾವ ದಡ ಯಾವುದು ಅಂತ ತಿಳಿಯುತ್ತದಾ? ಅದನ್ನು ಬರೆ.

ದಂಡಿನ ಬೀಡು ಹೇಗಿರುತ್ತಿತ್ತು ಅಂತ ನೀನು ಕೇಳಿದ್ದೆ. ಇನ್ನೊಬ್ಬ ಪೋರ್ಚುಗೀಸ ನೂನಿಜ್ ಬರೆದದ್ದು 1520ರ ರಾಯಚೂರು ಯುದ್ಧದ ಬಗ್ಗೆ, ಆದರೂ ನಿನಗೆ ದಾರಿ ಸಿಗುತ್ತದೆ. ದಂಡಿನ ಜೊತೆಗೇ ಸಂತೆ ಸಾಗುತ್ತಿತ್ತು. ಅಗಸರು, ಅಕ್ಕಸಾಲಿಗರು, ನೀರಿನ ಚೀಲ ಹೊತ್ತವರು, ಸಾವಿರಾರು ಹೆಂಗಸರು. ಎಲ್ಲರಿಗಿಂತ ಮೂರು ನಾಲ್ಕು ಹರದಾರಿ ಮುಂದೆ ಐವತ್ತು ಸಾವಿರ ಜನ ಬೇಹು ನೋಡುತ್ತಾ ಹೋಗುತ್ತಿದ್ದರು ಅನ್ನುತ್ತಾನೆ. ಅಂಕಿಯನ್ನು ಪೂರ್ತಿ ನಂಬಬೇಕಿಲ್ಲ. ಆದರೆ ಅಷ್ಟು ಕಣ್ಣು ತಪ್ಪಿಸಿ ಒಳಗೆ ಬರಬೇಕಾದರೆ ಬೇಹುಗಾರನಿಗೆ ಒಳಗಿನವರೊಬ್ಬರ ನಂಬಿಕೆ ಬೇಕೇ ಬೇಕು ಅನ್ನುವುದು ತಿಳಿಯುತ್ತದೆ.

ಕೊನೆಯದು, ನನಗೆ ಬಹಳ ಮುಖ್ಯವಾದದ್ದು. ನಿನ್ನ ಕತೆ ಖಾಜಿ ಹೊಳೆ ಸೇರುವಲ್ಲಿಗೆ ಮುಗಿಯುತ್ತದೆ. ಅಲ್ಲಿಗೆ ಮುಗಿಸಬೇಡ. ಒಳಗೆ ಕುಣಿಯಲು ಅವನಿಗೆ ಅಪ್ಪಣೆ ಕೇಳಿ ಕೊಡಿಸಿದವಳು ಅವಳೇ. ಬೆಳಗಾದ ಮೇಲೆ ರಾಯನ ಕಡೆಯವರು ಮೊದಲು ಹುಡುಕುವುದು ಯಾರನ್ನು? ಅವಳು ಏನಂತ ಉತ್ತರ ಹೇಳುತ್ತಾಳೆ? ಅವನು ನುಡಿಸಿದ ವಾದ್ಯ ಇನ್ನೂ ಅವಳದೇ. ಅದನ್ನು ಮತ್ತೆ ಮುಟ್ಟುತ್ತಾಳಾ? ಅವನ ಮೇಲೆ ಸಿಟ್ಟಿರುತ್ತದಾ, ಅಥವಾ ಅಂಥ ಕೈಯನ್ನು ಕೊಲೆಗೆ ಬಳಸಿದನಲ್ಲ ಅಂತ ಸಂಕಟವಾ? ನೀನು ಹೆಣ್ಣುಮಕ್ಕಳ ಮಾತನ್ನು ಚೆನ್ನಾಗಿ ಬರೆಯುತ್ತೀಯ, ಇದು ನಿನ್ನಿಂದ ಆಗುತ್ತದೆ.

ಮುಂದಿನ ಅಧ್ಯಾಯವನ್ನು ಅವಳ ಬಾಯಿಂದಲೇ ಶುರು ಮಾಡಿ ಕಳಿಸು. ಹೆಸರು ಯಾವುದು ಇಡುತ್ತೀಯೋ ಅದನ್ನು ಮೊದಲೇ ತಿಳಿಸು.

ರಾಯಚೂರಿನಿಂದ,
ನಿನ್ನ ಗೆಳೆಯ