ಫ್ಲೋರೈಡ್: ಮೊದಲು ಅಂಗನವಾಡಿಯ ನೀರು ಪರೀಕ್ಷೆಯಾಗಲಿ

ಮಾನ್ಯ ಸಂಪಾದಕರೇ,

ಪರಿಸರದ ಅಪಾಯಗಳಿಂದ ಮಕ್ಕಳನ್ನು ಕಾಪಾಡಲು ದೇಶಗಳು ಕೈಜೋಡಿಸಿದರೆ ಏನು ಸಾಧ್ಯ ಎಂಬುದನ್ನು ಸೀಸ ಬೆರೆತ ಪೆಟ್ರೋಲಿನ ವಿಷಯದಲ್ಲಿ ಕಂಡಿದ್ದೇವೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕವಾದ ಅದನ್ನು ಭಾರತ 2000ದಲ್ಲಿ ಕೈಬಿಟ್ಟಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಸತತ ಒತ್ತಾಸೆಯಿಂದ 2021ರಲ್ಲಿ ಅಲ್ಜೀರಿಯವೂ ಮಾರಾಟ ನಿಲ್ಲಿಸಿದ ಮೇಲೆ ಜಗತ್ತಿನ ಯಾವ ದೇಶದ ಬಂಕಿನಲ್ಲೂ ವಾಹನಗಳಿಗೆ ಅದು ಸಿಗುತ್ತಿಲ್ಲ. ಪಾದರಸದ ನಿಯಂತ್ರಣಕ್ಕೂ ಮಿನಮಾಟ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ. ಆದರೆ ನಮ್ಮ ಚಿತ್ರದುರ್ಗ ಜಿಲ್ಲೆಯ ಮಕ್ಕಳ ಹಲ್ಲು, ಮೂಳೆಗಳನ್ನು ಕಾಡುವ ಫ್ಲೋರೈಡ್ ಯಾರೋ ತಯಾರಿಸಿ ಮಾರುವ ಸರಕಲ್ಲ. ಕಲ್ಲಿನ ಪದರಗಳಿಂದ ಕರಗಿ ಕೊಳವೆಬಾವಿಯ ನೀರಿಗೆ ಸೇರುವ ಇದನ್ನು ನಿಷೇಧಿಸುವಂತಿಲ್ಲ. ದೊಡ್ಡ ಸಮಾವೇಶಗಳಲ್ಲಿ ಇದರ ಮಾತು ಅಷ್ಟಾಗಿ ಕೇಳಿಬರದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಇಲ್ಲಿ ದೇಶಗಳು ಹಂಚಿಕೊಳ್ಳಬೇಕಾದುದು ಅನುಭವವನ್ನು. ಭಾರತ 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶುದ್ಧ ಕುಡಿಯುವ ನೀರನ್ನೂ ಪರಿಸರ ಮಾಲಿನ್ಯದ ಅಪಾಯವನ್ನೂ ಹೆಸರಿಸಿ, ಇದಕ್ಕಾಗಿ ಅಂತರರಾಷ್ಟ್ರೀಯ ಸಹಕಾರವನ್ನು ಬೆಳೆಸಬೇಕೆಂದೂ ಹೇಳುತ್ತದೆ. ಪಟಿಕ ಮತ್ತು ಸುಣ್ಣ ಬೆರೆಸಿ ಫ್ಲೋರೈಡ್ ಇಳಿಸುವ ನಮ್ಮ ದೇಶದ ನಲ್ಗೊಂಡ ವಿಧಾನವನ್ನು ಇಥಿಯೋಪಿಯ, ತಾಂಜಾನಿಯಗಳಲ್ಲಿ ಪ್ರಯೋಗಿಸಿದ್ದಾರೆ. ಅಲ್ಲಿ ಸುಟ್ಟ ಮೂಳೆಯ ಇದ್ದಿಲಿನಿಂದಲೂ ನೀರನ್ನು ಸೋಸಿ ನೋಡಿದ್ದಾರೆ. ಇಂಥ ಪ್ರಯೋಗಗಳು ಎಲ್ಲಿ ಉಳಿದವು, ಎಲ್ಲಿ ಕೆಟ್ಟು ನಿಂತವು, ನಿತ್ಯದ ನಿರ್ವಹಣೆಯನ್ನು ಯಾರು ಹೊತ್ತರು ಎಂಬ ವಿವರ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಕನ್ನಡದಲ್ಲಿ ತಲುಪಬೇಕು. ಶುದ್ಧ ನೀರಿನ ಘಟಕ ಉದ್ಘಾಟಿಸುವ ಉತ್ಸಾಹ ಅದನ್ನು ರಿಪೇರಿ ಮಾಡಿಸುವಾಗ ಇರುವುದಿಲ್ಲವೆಂಬುದು ಹಳ್ಳಿಯವರಿಗೆ ಹೊಸ ಸಂಗತಿಯೇನಲ್ಲ.

ಕಾಯಂ ಹಲ್ಲುಗಳ ಹೊರಪದರ ರೂಪುಗೊಳ್ಳುವುದು ಬಹುಪಾಲು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಮೂಡಿದ ಕಂದು ಕಲೆ ಆಮೇಲೆ ಎಷ್ಟೇ ಶುದ್ಧ ನೀರು ಕುಡಿದರೂ ಹೋಗುವುದಿಲ್ಲ. ಅತಿಯಾದ ಫ್ಲೋರೈಡ್ ಮುಂದೆಯೂ ಒಳಸೇರುತ್ತಲೇ ಇದ್ದರೆ ಮೂಳೆ, ಕೀಲುಗಳಿಗೂ ಕೇಡು. ಹೀಗಿರುವಾಗ ಪ್ರೌಢಶಾಲೆಗೆ ಘಟಕ ಹಾಕಿಸಿ ಅಂಗನವಾಡಿಯನ್ನು ಮರೆಯುವುದು ಹೊತ್ತು ಮೀರಿದ ಆರೈಕೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆದ್ದರಿಂದ ಕುಡಿಯುವುದಕ್ಕೆ ಮಾತ್ರ ಕ್ಯಾನ್ ನೀರು ತರಿಸಿ, ಬೇಳೆ ಬೇಯಿಸಲು, ಕ್ಷೀರಭಾಗ್ಯದ ಹಾಲಿನ ಪುಡಿ ಕಲಸಲು ಕೊಳವೆಬಾವಿಯ ನೀರನ್ನೇ ಬಳಸಿದರೆ ಅರ್ಧ ಕೆಲಸವಷ್ಟೇ ಆದಂತಾಯಿತು. ಮೂಳೆಯನ್ನು ಗಟ್ಟಿಗೊಳಿಸಲೆಂದು ಕೊಡುವ ಹಾಲು ಫ್ಲೋರೈಡ್ ನೀರಿನಲ್ಲಿ ತಯಾರಾಗುವುದು ಎಂಥ ವಿಪರ್ಯಾಸ!

ಭದ್ರಾ ಮೇಲ್ದಂಡೆ ಯೋಜನೆಯ ನದಿನೀರು ಬರಲಿ, ಬೇಗ ಬರಲಿ. ಅಲ್ಲಿಯವರೆಗೆ ಹಲ್ಲು ಮೂಡುವುದು ನಿಲ್ಲುವುದಿಲ್ಲ. ಜಿಲ್ಲೆಯ ಪ್ರತಿ ಅಂಗನವಾಡಿಯಲ್ಲಿ ಕುಡಿಯುವ ಮತ್ತು ಅಡುಗೆಯ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಪರೀಕ್ಷಿಸಿ, ಲೀಟರಿಗೆ ಎಷ್ಟು ಮಿಲಿಗ್ರಾಂ ಫ್ಲೋರೈಡ್ ಇದೆ ಎಂಬುದನ್ನು ತಾಯಂದಿರಿಗೆ ಕಾಣುವಂತೆ ಬಾಗಿಲ ಬಳಿ ಬರೆಯಿಸಲಿ. ಅದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 1.5 ಮಿಲಿಗ್ರಾಂ ಮೀರಿದ ಕಡೆಗಳಲ್ಲಿ ಅಡುಗೆಗೂ ಬೇರೆ ನೀರು ಒದಗಿಸುವ ಹೊಣೆಯನ್ನು ಜಿಲ್ಲಾ ಪಂಚಾಯಿತಿ ಈ ಶೈಕ್ಷಣಿಕ ವರ್ಷದಲ್ಲೇ ವಹಿಸಿಕೊಳ್ಳಲಿ.

– ನಿವೃತ್ತ ಶಿಕ್ಷಕಿ, ಹಿರಿಯೂರು