ಮಗಳಿಗೊಂದು ಪತ್ರ: ಡಾನ್ ಪುಲನ್‌ನ ಬಲಗೈ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ನೋಡಿದೆ. ಅಮೆರಿಕದ ಜಾಝ್ ಪಿಯಾನೋ ವಾದಕ ಡಾನ್ ಪುಲನ್‌ನನ್ನು ಕೇಳು ಅಂತ ನಾನು ಹೇಳಿದ್ದೇ ತಡ, ಹೋಗಿ ಹೋಗಿ 1966ರ ಯೇಲ್ ಯೂನಿವರ್ಸಿಟಿಯ ಕಛೇರಿಯ ರೆಕಾರ್ಡನ್ನೇ ಹಾಕಿಕೊಂಡು ಕೂತಿದ್ದೀಯ. ‘ಅಪ್ಪ, ಇದು ಸಂಗೀತಾನಾ?’ ಅಂತ ಬೇರೆ ಕೇಳಿದ್ದೀಯ. ನಿನ್ನದೇನೂ ತಪ್ಪಿಲ್ಲ. ನಿಮ್ಮಮ್ಮ ಇಷ್ಟು ವರ್ಷ ಇದೇ ಮನೆಯಲ್ಲಿ ಅದನ್ನು ಕೇಳಿಸಿಕೊಂಡೂ, ‘ಯಾರೋ ಹಾರ್ಮೋನಿಯಂ ಮೇಲೆ ಬಟ್ಟೆ ಹಾಕಿ ಧೂಳು ಒರೆಸಿದ ಹಾಗಿದೆ ರೀ’ ಅನ್ನುತ್ತಾಳೆ. ತಮಾಷೆಗೆ ಅನ್ನುವುದಾದರೂ ಅವಳ ಮಾತು ಅಕ್ಷರಶಃ ಸರಿ. ಆ ಒರೆಸಾಟದ ಒಳಗೆ ಏನಿದೆ ಅಂತ ಹೇಳೋದಕ್ಕೇ ಈ ಕಾಗದ. ವಾಟ್ಸಾಪಿನಲ್ಲಿ ಮುಗಿಯೋ ವಿಷಯ ಅಲ್ಲ.

ಮೊದಲು ನಿನಗೆ ಹತ್ತಿರದ್ದೊಂದು ಸಂಗತಿ. ಪುಲನ್ ಹುಟ್ಟಿದ್ದು 1941ರ ಕ್ರಿಸ್‌ಮಸ್ ದಿನ, ವರ್ಜೀನಿಯಾದ ರೋನೋಕ್‌ನಲ್ಲಿ. ಓದಲು ಬಂದದ್ದು ಮಾತ್ರ ನೀನೀಗ ಇರುವ ಷಾರ್ಲಟ್‌ಗೇ, ಅಲ್ಲಿನ ಜಾನ್ಸನ್ ಸಿ. ಸ್ಮಿತ್ ಯೂನಿವರ್ಸಿಟಿಗೆ. ಡಾಕ್ಟರಾಗಬೇಕು ಅಂತ ಬಂದ ಹುಡುಗ ಊರಿನ ಬ್ಯಾಂಡುಗಳಲ್ಲಿ ನುಡಿಸುತ್ತ ನುಡಿಸುತ್ತ ಓದನ್ನೇ ಬಿಟ್ಟು ಹೊರಟುಬಿಟ್ಟ. (ನೀನು ಇದರಿಂದ ಸ್ಫೂರ್ತಿ ಪಡೆಯತಕ್ಕದ್ದಲ್ಲ.) ಮೊದಲು ಷಿಕಾಗೋ. ಅಲ್ಲಿ ಪಿಯಾನೋ ವಾದಕ ಮುಹಾಲ್ ರಿಚರ್ಡ್ ಏಬ್ರಮ್ಸ್ ಜೊತೆ ಒಡನಾಟ. ಆಮೇಲೆ 1964ರಲ್ಲಿ ನ್ಯೂಯಾರ್ಕ್.

ಇದಕ್ಕೆಲ್ಲ ಮುಂಚಿನ ಪಾಠಶಾಲೆ ಎಂದರೆ ಚರ್ಚು. ಚಿಕ್ಕ ಹುಡುಗನಾಗಿದ್ದಾಗಲೇ ಊರಿನ ಚರ್ಚಿನಲ್ಲಿ ಹಾಡುವವರ ಗುಂಪಿಗೆ ಪಿಯಾನೋ ನುಡಿಸುತ್ತಿದ್ದ. ಕಸಿನ್ ಕ್ಲೈಡ್ ರೈಟ್ ಜಾಝ್ ಪಿಯಾನೋವನ್ನೇ ವೃತ್ತಿ ಮಾಡಿಕೊಂಡಿದ್ದವನು, ಅವನ ಪ್ರಭಾವವೂ ಇತ್ತು. ಕರಿಯರ ಚರ್ಚಿನಲ್ಲಿ ಪಿಯಾನೋ ನುಡಿಸುವುದೆಂದರೆ ಪುಸ್ತಕ ನೋಡಿಕೊಂಡು ನುಡಿಸುವುದಲ್ಲ. ಪಾದ್ರಿ ಮಾತಾಡುತ್ತಾ ಆಡುತ್ತಾ ದನಿ ಏರಿಸಿ ಹಾಡಿಗೆ ಇಳಿದುಬಿಡುತ್ತಾನೆ, ಅವನು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಪಿಯಾನೋ ಉತ್ತರ ಕೊಡಬೇಕು. ಸಭೆ ಎದ್ದು ಚಪ್ಪಾಳೆ ಹಾಕಲು ಶುರುಮಾಡಿದರೆ ಎಡಗೈಯ ಗತಿ ಒಂದಿಷ್ಟೂ ಅಲುಗಾಡುವಂತಿಲ್ಲ. ಬಲಗೈಗೆ ಮಾತ್ರ ಸ್ವಾತಂತ್ರ್ಯ: ಕೂಗಬಹುದು, ಅಳಬಹುದು, ಅರಚಬಹುದು. ಈ ಎರಡು ಕೈಗಳ ಕಾನೂನನ್ನು ಪುಲನ್ ಸಾಯುವ ತನಕ ಮುರಿದದ್ದು ಬಲು ಅಪರೂಪ. ಅವನನ್ನು ‘ಅವಾಂಗಾರ್ಡ್’ (ಹಳೆಯ ಕಟ್ಟು ಮುರಿಯುವ ಪ್ರಯೋಗದವನು) ಅನ್ನುವವರಿಗೆ ಬಲಗೈ ಮಾತ್ರ ಕೇಳಿಸಿದೆ ಅಂತ ನನ್ನ ಗುಮಾನಿ.

ಈಗ ಬ್ಲೂಸಿಗೆ, ಅಂದರೆ ಅಮೆರಿಕದ ಕರಿಯರ ನೋವಿನ ಹಾಡಿಗೆ, ಬಾ. ನೀನು ವೀಣೆ ಕಲಿತವಳು, ನಿನಗೆ ಹೇಳುವುದು ಸುಲಭ. ಬ್ಲೂಸ್ ಹಾಡುವವರ ಗಾಂಧಾರ (‘ಗ’ ಸ್ವರ) ತಗ್ಗಿನ ಸಾಧಾರಣವೂ ಅಲ್ಲ, ಏರಿನ ಅಂತರವೂ ಅಲ್ಲ, ಎರಡರ ನಡುವೆ ಎಲ್ಲೋ ತೂಗುತ್ತಿರುತ್ತದೆ. ಗಂಟಲಿಗೆ ಅದು ಸಲೀಸು. ಗಿಟಾರಿನವನು ನಿನ್ನ ಹಾಗೆಯೇ ತಂತಿ ಎಳೆದು ತರುತ್ತಾನೆ. ಪಿಯಾನೋದವನು ಏನು ಮಾಡಬೇಕು? ಕೀಯನ್ನು ಎಳೆಯೋಕಾಗಲ್ಲ. ಅದಕ್ಕೇ ಬ್ಲೂಸ್ ಪಿಯಾನೋದವರು ಒಂದು ಉಪಾಯ ಕಂಡುಕೊಂಡರು. ಎರಡು ಗಾಂಧಾರಗಳನ್ನೂ ಒಟ್ಟಿಗೇ ಒತ್ತುವುದು, ಇಲ್ಲವೇ ಒಂದರಿಂದ ಇನ್ನೊಂದಕ್ಕೆ ಬೆರಳು ಜಾರಿಸುವುದು. ಕಿವಿಗೆ ಅದು ಎರಡು ಸ್ವರ ಅನಿಸುವುದಿಲ್ಲ, ಒಂದೇ ಸ್ವರ ನರಳಿದಂತೆ ಕೇಳುತ್ತದೆ.

ಪುಲನ್ ಮಾಡಿದ್ದು ಇಷ್ಟೇ: ಪಕ್ಕಪಕ್ಕದ ಎರಡು ಕೀಗಳ ಆ ಒತ್ತನ್ನು ಹತ್ತಕ್ಕೆ, ಇಪ್ಪತ್ತಕ್ಕೆ ಹಿಗ್ಗಿಸಿದ. ಹಾಗೆ ಹಿಗ್ಗಿಸಲು ಬೆರಳ ತುದಿ ಸಾಲದು. ಯೂಟ್ಯೂಬಿನಲ್ಲಿ ಅವನ ವಿಡಿಯೊಗಳಿವೆ, ಕೇಳುವ ಮುಂಚೆ ಒಂದನ್ನು ನೋಡು. ಎಡಗೈ ತನ್ನ ಪಾಡಿಗೆ ಒಂದೇ ಗತಿ ಹಿಡಿದು ಕೂತಿರುತ್ತದೆ. ಬಲಗೈ ಮಣಿಕಟ್ಟಿನಿಂದ ಮಗುಚುತ್ತದೆ, ಅಂಗೈ ಮೇಲಾಗುತ್ತದೆ, ಬೆರಳ ಗೆಣ್ಣುಗಳು ಕರಿ ಬಿಳಿ ಕೀಗಳ ಮೇಲೆ ಉರುಳಿಕೊಂಡು ಹೋಗುತ್ತವೆ. ನಿಮ್ಮಮ್ಮ ಹೇಳಿದ ಒರೆಸಾಟ ಅಂದರೆ ಇದೇ. ಆದರೆ ಒರೆತ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಗಮನಿಸು. ನಿಲ್ಲುವ ಜಾಗದಲ್ಲಿ ರಾಗದ ಸ್ವರ ಇರುತ್ತದೆ, ಅದೂ ಆ ಕ್ಷಣದ ಕಾರ್ಡಿಗೆ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ) ಸೇರಿದ ಸ್ವರ. ಅಷ್ಟೆಲ್ಲ ಗದ್ದಲದ ನಡುವೆ ಹಾಡಿನ ದಾರಿ ಒಂದು ಮಾತ್ರೆಯೂ ತಪ್ಪಿರುವುದಿಲ್ಲ.

ಪತ್ರಿಕೆಗಳವರು ಅವನನ್ನು ಇನ್ನೊಬ್ಬ ಜಾಝ್ ಪಿಯಾನೋ ವಾದಕ ಸೆಸಿಲ್ ಟೇಲರ್ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದ್ದೇ ಹೋಲಿಸಿದ್ದು. ಇಬ್ಬರೂ ಗುಪ್ಪೆಗುಪ್ಪೆಯಾಗಿ ಸ್ವರ ಸುರಿಯುತ್ತಾರೆ, ನಿಜ. ಆದರೆ ಟೇಲರ್ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಓದಿದವನು, ಅವನ ಸಂಗೀತದಲ್ಲಿ ಕಾಲು ಕುಣಿಯುವುದು ಅಪರೂಪ. ಪುಲನ್ ಎಂಥ ಗದ್ದಲ ಎಬ್ಬಿಸಿದರೂ ಹಿಂದೆ ಯಾರೋ ಚಪ್ಪಾಳೆ ತಟ್ಟುತ್ತಿರುವ ಭಾವ ಹೋಗುವುದಿಲ್ಲ.

ಸರಿ, ನೀನು ಕೇಳಿದ ಯೇಲ್ ರೆಕಾರ್ಡು. ಅದರಲ್ಲಿ ಇರುವುದು ಇಬ್ಬರೇ, ಪುಲನ್ ಮತ್ತು ಡ್ರಮ್ಮರ್ ಮಿಲ್‌ಫರ್ಡ್ ಗ್ರೇವ್ಸ್. ಇಬ್ಬರೂ ಇಪ್ಪತ್ತರ ಹರೆಯದವರು. ಎರಡು ವರ್ಷ ಮೊದಲು ಜೂಸೆಪಿ ಲೋಗನ್ ಎನ್ನುವ ಸ್ಯಾಕ್ಸೊಫೋನ್ ವಾದಕನ ಗುಂಪಿನಲ್ಲಿ ಜೊತೆಯಾದವರು. ಯೇಲ್ ಕಛೇರಿಯನ್ನು ಯಾವ ದೊಡ್ಡ ಕಂಪನಿಯ ಹಂಗೂ ಬೇಡ ಅಂತ ಎಸ್‌ಆರ್‌ಪಿ ಎಂಬ ತಮ್ಮದೇ ಹೆಸರಿನಡಿ ಹೊರತಂದರು. ಸ್ವಾವಲಂಬನೆಯ ಯೋಜನೆ ಅಂತ ಆ ಅಕ್ಷರಗಳ ಅರ್ಥ. ಮೊದಲ ಪ್ರತಿಗಳ ಹೊದಿಕೆಗೆ ತಾವೇ ಕುಂಚ ಹಿಡಿದು ಬಣ್ಣ ಹಚ್ಚಿದರು. ಕರಿಯರು ತಮ್ಮ ಸಂಗೀತದ ಒಡೆತನ ತಾವೇ ಇಟ್ಟುಕೊಳ್ಳಬೇಕು ಎಂಬ ಹಟ ಬೆಳೆಯುತ್ತಿದ್ದ ಕಾಲ ಅದು. ಗೌರವ ಹುಟ್ಟಿಸುವ ರೆಕಾರ್ಡು. ಆದರೆ ಪುಲನ್‌ನ ಮನೆಗೆ ಅದು ಮುಂಬಾಗಿಲಲ್ಲ. ಎಡಗೈಯ ಗತಿಯನ್ನೂ ಬಿಟ್ಟುಕೊಟ್ಟ ಕೆಲವೇ ರೆಕಾರ್ಡುಗಳಲ್ಲಿ ಅದೊಂದು, ಅದಕ್ಕೇ ನಿನಗೆ ಹಿಡಿಯಲು ಏನೂ ಸಿಗಲಿಲ್ಲ.

ಆ ಸಂಗೀತದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಗಾಗಿ ಕ್ಲಬ್ಬುಗಳಲ್ಲಿ ಆರ್ಗನ್ ನುಡಿಸಿದ. ಬಿಗ್ ಮೇಬೆಲ್, ರೂತ್ ಬ್ರೌನ್, ನೀನಾ ಸಿಮೋನ್ ಅಂಥ ಗಾಯಕಿಯರಿಗೆ ಪಕ್ಕವಾದ್ಯಕ್ಕೆ ಕೂತ. ಜೀವನಚರಿತ್ರೆಯ ಟಿಪ್ಪಣಿಗಳಲ್ಲಿ ಈ ವರ್ಷಗಳಿಗೆ ಒಂದು ಸಾಲು ಸಿಕ್ಕರೆ ಹೆಚ್ಚು. ನನಗೇನೋ ಇವೇ ಮುಖ್ಯ ಅನಿಸುತ್ತದೆ. ರಾತ್ರಿ ಪೂರ್ತಿ ಜನರನ್ನು ಕುಣಿಸುವ ಕೆಲಸ, ಹಾಡುವವಳ ಉಸಿರು ಕಾಯುವ ಕೆಲಸ. ಮತ್ತೆ ಚರ್ಚಿನ ವಿದ್ಯೆಯೇ. ಆ ಆರ್ಗನ್ ಹೇಗಿತ್ತು ಅಂತ ತಿಳಿಯಬೇಕಾದರೆ ಸ್ಯಾಕ್ಸೊಫೋನ್ ವಾದಕ ಮೇಸಿಯೋ ಪಾರ್ಕರ್‌ನ 1990ರ ‘ರೂಟ್ಸ್ ರೀವಿಸಿಟೆಡ್’ ಹಾಕು. ಭಾನುವಾರ ಬೆಳಿಗ್ಗೆ, ಸ್ನಾನ ಆದಮೇಲೆ.

ಎಲ್ಲರಿಗೂ ಅವನು ಗೊತ್ತಾದದ್ದು 1973ರಲ್ಲಿ ಹೆಸರಾಂತ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಗುಂಪಿಗೆ ಸೇರಿದಾಗ. ಮಿಂಗಸ್ ಎಂಥ ಮುಂಗೋಪಿ ಅಂತ ನಿನಗೆ ಹೇಳಿದ್ದೇನೆ. ಆದರೂ ಹೊಸಬನ ರಚನೆ ‘ನ್ಯೂಕಮರ್’ ಅನ್ನು ಅದೇ ವರ್ಷದ ‘ಮಿಂಗಸ್ ಮೂವ್ಸ್’ನಲ್ಲಿ ಸೇರಿಸಿಕೊಂಡ. 1974ರ ಡಿಸೆಂಬರಿನ ಕೊನೆಯಲ್ಲಿ ಮೂರೇ ದಿನದ ಕೆಲಸದಲ್ಲಿ ‘ಚೇಂಜಸ್’ ಎರಡು ಭಾಗಗಳು ಆದವು. ಮೊದಲನೆಯದರಲ್ಲಿ ‘ಸ್ಯೂಸ್ ಚೇಂಜಸ್’ ಅಂತ ಹದಿನೇಳು ನಿಮಿಷದ ರಚನೆ ಇದೆ. ನೀನು ಮೊದಲು ಕೇಳಬೇಕಾದದ್ದು ಅದನ್ನೇ. ನಡೆ ಪದೇ ಪದೇ ಬದಲಾಗುತ್ತದೆ, ನಿಧಾನ, ಚುರುಕು, ಮತ್ತೆ ನಿಧಾನ. ಪುಲನ್ ಸರದಿ ಬಂದಾಗ ಬಲು ಸಭ್ಯನಾಗಿ ಶುರುಮಾಡುತ್ತಾನೆ, ಒಂದೊಂದೇ ಸ್ವರ, ಅಪ್ಪಟ ಶಾಸ್ತ್ರೋಕ್ತ ಜಾಝ್. ಬರಬರುತ್ತ ಸ್ವರಗಳ ಅಂಚು ಮಸುಕಾಗುತ್ತದೆ. ಎರಡು ಸೇರಿ ಒಂದಾಗುತ್ತವೆ, ನಾಲ್ಕು ಸೇರುತ್ತವೆ, ಆಮೇಲೆ ಕೈ ಮಗುಚುತ್ತದೆ. ಕೆಳಗೆ ಡ್ಯಾನಿ ರಿಚ್‌ಮಂಡ್ ಡ್ರಮ್ಸ್, ಮಿಂಗಸ್ ಬಾಸ್, ಇಬ್ಬರೂ ಗಟ್ಟಿ. ಒಂದೇ ಸೋಲೋ ಒಳಗೆ ಗಾಂಧಾರದ ನರಳಿಕೆಯಿಂದ ಗೆಣ್ಣಿನ ಉರುಳಾಟದ ತನಕ ನಾನು ಇಷ್ಟುದ್ದ ಬರೆದದ್ದೆಲ್ಲ ನಿನ್ನ ಕಿವಿಯಲ್ಲೇ ನಡೆಯುತ್ತದೆ. ಒಂದು ಸಲಕ್ಕೆ ಹಿಡಿಯದಿದ್ದರೆ ಎರಡನೇ ಸಲ ಎಡಗೈಯನ್ನು ಮಾತ್ರ ಹಿಂಬಾಲಿಸು.

ಅದಾದ ಮೇಲೆ 1975ರಲ್ಲಿ ಟೊರಾಂಟೋದ ಸ್ಯಾಕ್‌ವಿಲ್ ಕಂಪನಿಗೆ ಮಾಡಿದ ಒಂಟಿ ಪಿಯಾನೋ. ‘ರಿಚರ್ಡ್ಸ್ ಟ್ಯೂನ್’ ಷಿಕಾಗೋದ ಗೆಳೆಯ ಏಬ್ರಮ್ಸ್‌ಗೆ ಕಾಣಿಕೆ, ‘ಬಿಗ್ ಆಲಿಸ್’ ಕುಣಿತದ್ದು. ನಡುವೆ ಮಾಲ್ಕಂ ಎಕ್ಸ್ ನೆನಪಿನ ದೊಡ್ಡ ರಚನೆ ಇದೆ, ಅದರ ಹೆಸರಿನಲ್ಲೇ ನೆನಪುಗಳೂ ಗುಂಡಿನ ಸದ್ದೂ ಇವೆ. ಮಾಲ್ಕಂ ಕೊಲೆಯಾಗಿ ಹತ್ತು ವರ್ಷವಾಗಿತ್ತು. ಅಲ್ಲಿ ಕೇಳುವ ಗದ್ದಲಕ್ಕೆ ಕಾರಣ ಕೇಳಬೇಕಾಗಿಲ್ಲ. ಯಾರಾದರೂ ನನಗೆ ಒಂದೇ ರೆಕಾರ್ಡು ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

1979ರಿಂದ 88ರ ತನಕ ಮಿಂಗಸ್ ಗುಂಪಿನ ಹಳೆಯ ಜೊತೆಗಾರರಾದ ಸ್ಯಾಕ್ಸೊಫೋನ್ ವಾದಕ ಜಾರ್ಜ್ ಆಡಮ್ಸ್, ರಿಚ್‌ಮಂಡ್, ಜೊತೆಗೆ ಬಾಸ್‌ಗೆ ಕ್ಯಾಮರಾನ್ ಬ್ರೌನ್, ಹೀಗೆ ನಾಲ್ವರ ತಂಡ. ಬಹುಪಾಲು ರೆಕಾರ್ಡುಗಳು ಇಟಲಿಯ ಸೋಲ್ ನೋಟ್, ಹಾಲೆಂಡಿನ ಟೈಮ್‌ಲೆಸ್ ಕಂಪನಿಗಳಿಂದ ಬಂದವು, ಸ್ವಂತ ದೇಶದವರಿಗೆ ಆಗಿನ್ನೂ ಬೇಡವಾಗಿತ್ತು. ಎಲ್ಲವೂ ಒಂದೇ ಮಟ್ಟದವಲ್ಲ. 1983ರ ‘ಸಿಟಿ ಗೇಟ್ಸ್’ನಲ್ಲಿ ಗುಲಾಮಗಿರಿ ಕಾಲದ ಒಂದು ಭಕ್ತಿಗೀತೆ ನುಡಿಸಿದ್ದಾರೆ, ಅದನ್ನು ಬಿಡಬೇಡ. 1986ರಲ್ಲಿ ಅಮೆರಿಕದ್ದೇ ಜಾಝ್ ಕಂಪನಿ ಬ್ಲೂ ನೋಟ್ ಕರೆಯಿತು, ‘ಬ್ರೇಕ್‌ಥ್ರೂ’ ಬಂತು. ಅದರಲ್ಲಿನ ‘ಸಾಂಗ್ ಫ್ರಂ ದಿ ಓಲ್ಡ್ ಕಂಟ್ರಿ’ ನಿಮ್ಮಮ್ಮನಿಗೂ ಇಷ್ಟ, ಅಡಿಗೆಮನೆಯಲ್ಲಿ ಗುನುಗುತ್ತಾಳೆ, ಆದರೆ ಒಪ್ಪಿಕೊಳ್ಳುವುದಿಲ್ಲ. 1988ರಲ್ಲಿ ರಿಚ್‌ಮಂಡ್ ತೀರಿಕೊಂಡ, ತಂಡ ನಿಂತಿತು.

ಆ ವರ್ಷದ ಟ್ರಯೋ (ಮೂವರ ತಂಡದ) ರೆಕಾರ್ಡು ‘ನ್ಯೂ ಬಿಗಿನಿಂಗ್ಸ್’ ಅನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಟೋನಿ ವಿಲಿಯಮ್ಸ್ ಡ್ರಮ್ಸ್ ಒಂದು ಚೂರು ಜಾಸ್ತಿ ಅನಿಸುತ್ತದೆ. ನೀನೇ ಕೇಳಿ ಹೇಳು.

ಆಮೇಲಿನದು ನಿನಗೆ ಖಂಡಿತ ಹಿಡಿಸುತ್ತದೆ. ತೊಂಬತ್ತರ ದಶಕದ ಶುರುವಿನಲ್ಲಿ ಆಫ್ರಿಕನ್ ಬ್ರೆಜಿಲಿಯನ್ ಕನೆಕ್ಷನ್ ಅಂತ ತಂಡ ಕಟ್ಟಿದ. ಬ್ರೆಜಿಲ್‌ನ ನಿಲ್ಸನ್ ಮಾಟಾ ಬಾಸ್, ಗಿಲ್ಯೆರ್ಮೆ ಫ್ರಾಂಕೊ ತಾಳವಾದ್ಯ, ಕಾರ್ಲೊಸ್ ವಾರ್ಡ್ ಸ್ಯಾಕ್ಸೊಫೋನ್, ಸೆನೆಗಲ್‌ನ ಮೋರ್ ಥಿಯಾಮ್ ಕೈ ಡೋಲು. ಈ ಥಿಯಾಮ್ ಯಾರು ಗೊತ್ತಾ? ನಿಮ್ಮ ಬಳಗದವರು ಮದುವೆ ಸಂಗೀತಗಳಲ್ಲಿ ‘ಛಮ್ಮಕ್ ಛಲ್ಲೋ’ಗೆ ಕುಣಿಯುತ್ತಿದ್ದರಲ್ಲ, ಅದನ್ನು ಹಾಡಿದ ಏಕಾನ್‌ನ ತಂದೆ. ಈಗ ಅಪ್ಪನ ಸಂಗೀತ ಹಳೇದು ಅನ್ನಬೇಡ.

ತಾಳದ ಮೇಲೆ ತಾಳ ಕೂತ ಈ ತಂಡದಲ್ಲಿ ಪುಲನ್‌ಗೆ ಗತಿ ಹಿಡಿಯುವ ಭಾರ ಕಡಿಮೆಯಾಯಿತು, ಒರೆಸಾಟ ಹಗುರಾಯಿತು. 1993ರ ‘ಓಡ್ ಟು ಲೈಫ್’ನಲ್ಲಿ ಹಿಂದಿನ ವರ್ಷ ತೀರಿಕೊಂಡ ಜಾರ್ಜ್ ಆಡಮ್ಸ್‌ಗಾಗಿ ಬರೆದ ನಿಧಾನದ ರಚನೆಯೊಂದಿದೆ. ಸಾವಿನ ಮನೆಯ ಹಾಡು ಅಂತ ಹೆದರಬೇಡ, ಗೆಳೆಯನ ಮೇಲಿನ ಅಕ್ಕರೆಯೇ ದುಃಖಕ್ಕಿಂತ ಹೆಚ್ಚಿದೆ. ಅಲ್ಲೂ ಕೈ ಮಗುಚುತ್ತಾನೆ, ಎಷ್ಟು ಮೆಲ್ಲಗೆ ಎಂದರೆ ನೀನು ಕೇಳಿದ ಯೇಲ್ ಗದ್ದಲವೂ ಇದೂ ಒಂದೇ ಚಲನೆ ಅಂತ ನಂಬುವುದು ಕಷ್ಟ.

ಕೊನೆಯದು 1995ರ ‘ಸೇಕ್ರೆಡ್ ಕಾಮನ್ ಗ್ರೌಂಡ್’. ಅದರಲ್ಲಿ ಪುಲನ್ ಜೊತೆಗಿರುವ, ಮೊಂಟಾನಾದ ಫ್ಲಾಟ್‌ಹೆಡ್ ಸೀಮೆಯ ಕೂಟ್ನಿ ಬುಡಕಟ್ಟಿನ ಚೀಫ್ ಕ್ಲಿಫ್ ಸಿಂಗರ್ಸ್ ಒಂದೇ ದೊಡ್ಡ ನಗಾರಿ ಸುತ್ತ ಕೂತು ಹಾಡುವವರು. ಅವರ ಹಾಡಿಗೆ ಪಿಯಾನೋದ ಕಾರ್ಡುಗಳೂ ಗೊತ್ತಿಲ್ಲ, ಪಿಯಾನೋದ ಶ್ರುತಿಯೂ ಗೊತ್ತಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವರ ಹಾಡಿನ ಕೆಳಗೆ ಚೆಂದದ ಕಾರ್ಡು ಹಾಸಿ ಕೆಡಿಸುತ್ತಿದ್ದರು. ಪುಲನ್ ಹಾಗೆ ಮಾಡಲಿಲ್ಲ. ಕೀಗಳ ನಡುವೆ ಎಲ್ಲೋ ಇರುವ ಸ್ವರಕ್ಕೆ ಪಿಯಾನೋದಲ್ಲಿ ಜಾಗ ಮಾಡಿಕೊಡುವುದು ಹೇಗೆ ಎಂಬ ಲೆಕ್ಕವನ್ನು ಅವನು ಜೀವಮಾನವಿಡೀ ಬಿಡಿಸಿದ್ದನಲ್ಲ. ಆಗಲೇ ಲಿಂಫೋಮಾ ಎಂಬ ಕ್ಯಾನ್ಸರ್ ಅವನನ್ನು ಹಿಡಿದಿತ್ತು. 1995ರ ಏಪ್ರಿಲ್ 22ರಂದು ತೀರಿಕೊಂಡ, ಐವತ್ತಮೂರು ವರ್ಷ. ರೆಕಾರ್ಡಿನಲ್ಲಿ ರೋಗದ ಸುಳಿವು ಹುಡುಕುವವರು ಹುಡುಕಲಿ. ನನಗೆ ಕೇಳುವುದು ಚರ್ಚಿನಲ್ಲಿ ಪಾದ್ರಿಗೆ ಉತ್ತರ ಕೊಡುವ ಹುಡುಗ, ಈ ಸಲ ಕೂಟ್ನಿ ಹಾಡುಗಾರರಿಗೆ ಕೊಡುತ್ತಿದ್ದಾನೆ, ಅಷ್ಟೆ.

ಈಗ ಕೆಲಸದ ಮಾತು. ನಿಮ್ಮೂರಿನ ಹಳೇ ರೆಕಾರ್ಡು ಅಂಗಡಿಗಳಲ್ಲಿ ಸ್ಯಾಕ್‌ವಿಲ್‌ನ ಒಂಟಿ ಪಿಯಾನೋ ಎಲ್.ಪಿ. ಕಂಡರೆ ತೆಗೆದಿಡು. ಹೊದಿಕೆ ಹರಿದಿದ್ದರೂ ಪರವಾಗಿಲ್ಲ, ರೆಕಾರ್ಡನ್ನು ಬೆಳಕಿಗೆ ಓರೆ ಹಿಡಿದು ಗೀರು ನೋಡಿ ತಗೋ. ಯೇಲ್‌ನ ಕೈಯಿಂದ ಬಣ್ಣ ಹಚ್ಚಿದ ಪ್ರತಿ ಸಿಕ್ಕಿತು ಅಂತ ಯಾರಾದರೂ ತೋರಿಸಿದರೆ ಫೋಟೋ ತೆಗೆದು ನನಗೆ ಕಳಿಸು, ಬೆಲೆ ಕೇಳಿಬಿಟ್ಟು ವಾಪಸ್ ಇಟ್ಟುಬಿಡು. ಡಿಸೆಂಬರಿನಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ಮಡಚಿದ ಬಟ್ಟೆಗಳ ನಡುವೆ ಇಟ್ಟರೆ ಎಲ್.ಪಿ. ಬಾಗುವುದಿಲ್ಲ. ನಿಮ್ಮಮ್ಮ ಕಳಿಸಿದ ಸಾರಿನಪುಡಿ ತಲುಪಿತಾ ಅಂತ ಅವಳಿಗೇ ಫೋನ್ ಮಾಡಿ ಹೇಳು, ನನ್ನ ಕೈಲಿ ಹೇಳಿಸಬೇಡ.

ನಿನ್ನ
ಅಪ್ಪ